ಕಪ್ಪು ತುದಿಯ ಟ್ಯೂಬುಗಳು

ನಮ್ಮ ಊರಿನಲ್ಲಿ ಹೊತ್ತು ತಿಳಿಯುವುದು ಟ್ಯೂಬ್‌ಲೈಟಿನಿಂದ. ಹೊಸ ಟ್ಯೂಬು ಉರಿಯುವ ಬೀದಿಯಲ್ಲಿ ಬೆಳಗ್ಗೆ. ಅರ್ಧ ಆಯಸ್ಸು ಕಳೆದ ಟ್ಯೂಬಿನ ಬೀದಿಯಲ್ಲಿ ಮಧ್ಯಾಹ್ನ. ಎರಡೂ ತುದಿ ಕಪ್ಪಗಾಗಿ ನಡುವೆ ಮಾತ್ರ ಮಂಕಾಗಿ ಉರಿಯುವ ಟ್ಯೂಬಿನ ಬೀದಿಯಲ್ಲಿ ಸಂಜೆ. ತಲೆಯ ಮೇಲೆ ಆಕಾಶ ಇದೆ, ಅದರಲ್ಲಿ ಏನೂ ಇಲ್ಲ. ನಾನು ಸಂಜೆಬೀದಿಯವಳು, ಹೆಸರು ಚೆಲುವಾಜಮ್ಮ. ಹುಟ್ಟಿದ್ದು ಸಂಜೆ, ಮೈನೆರೆದದ್ದು ಸಂಜೆ, ಮದುವೆಯಾದದ್ದು ಸಂಜೆ, ಗಂಡನನ್ನು ಮಣ್ಣು ಮಾಡಿದ್ದೂ ಸಂಜೆಯೇ. ಇಪ್ಪತ್ತಾರು ವರ್ಷ ಏಣಿ ಹತ್ತಿ ಇಳಿದು ಊರಿನ ಟ್ಯೂಬುಗಳನ್ನು ಬದಲಾಯಿಸಿದವಳು ನಾನು. ಆ ಮೂರು ಬೀದಿಗಳಿಗೂ ಹೊತ್ತು ತಂದುಕೊಟ್ಟವಳು ನಾನೇ ಎಂದರೆ ಜಂಬ ಅಂದುಕೊಳ್ಳುವವರು ಅಂದುಕೊಳ್ಳಲಿ.

ರಾತ್ರಿ ಮಾತ್ರ ಎಲ್ಲರಿಗೂ ಒಂದೇ. ಹೊತ್ತಿನ ಕಚೇರಿಯ ಸೈರನ್ನು ಕೂಗುತ್ತದೆ, ಮೈನ್ ಸ್ವಿಚ್ಚು ಇಳಿಯುತ್ತದೆ, ಊರೆಲ್ಲ ಮಲಗುತ್ತದೆ. ಮತ್ತೆ ಸೈರನ್ನು ಕೂಗಿದಾಗ ಬೆಳಗಿನಬೀದಿಯವರು ಬೆಳಗಿಗೆ ಏಳುತ್ತಾರೆ, ನಾವು ನೇರವಾಗಿ ಸಂಜೆಗೆ ಏಳುತ್ತೇವೆ. ಬೆಳಗಿನಬೀದಿಯವರನ್ನು ನೀವು ಯಾವಾಗ ನೋಡಿ, ಆಗಷ್ಟೇ ಸ್ನಾನ ಮಾಡಿದ ಹಾಗಿರುತ್ತಾರೆ. ದಿನಕ್ಕೆ ಮೂರು ಸಲ ಉಪ್ಪಿಟ್ಟು ತಿನ್ನುತ್ತಾರೆ, ಎದುರು ಸಿಕ್ಕವರನ್ನೆಲ್ಲ ತಿಂಡಿಯಾಯಿತೇ ಎಂದು ಕೇಳುತ್ತಾರೆ. ಶಾಲೆ ಇರುವುದು ಅಲ್ಲೇ, ಕಚೇರಿ ಇರುವುದೂ ಅಲ್ಲೇ, ಏಕೆಂದರೆ ಯಾವ ಕೆಲಸವನ್ನಾದರೂ ಶುರು ಮಾಡುವುದು ಬೆಳಗ್ಗೆ ತಾನೇ. ಮಧ್ಯಾಹ್ನದ ಬೀದಿಯವರು ಮುದ್ದೆ ಉಂಡು ಜಗಲಿಯ ಮೇಲೆ ಅಡ್ಡಾಗಿರುತ್ತಾರೆ. ಅಂಗಡಿಗೆ ಹೋದರೆ ಆಮೇಲೆ ಬನ್ನಿ ಅನ್ನುತ್ತಾರೆ. ಆ ಬೀದಿಗೆ ಆಮೇಲೆ ಎನ್ನುವುದು ಎಲ್ಲಿಂದ ಬರಬೇಕು, ನನಗಂತೂ ಗೊತ್ತಿಲ್ಲ.

ನಮ್ಮ ಪಾಡು ಕೇಳಿ. ಸಂಜೆ ದೀಪ ಹತ್ತಿದ ಮೇಲೆ ಮನೆ ಗುಡಿಸಬಾರದು, ತಲೆ ಬಾಚಬಾರದು, ಉಗುರು ತೆಗೆಯಬಾರದು, ಸೂಜಿ ಹಿಡಿಯಬಾರದು, ಉಪ್ಪು ಮೊಸರು ಹೊಸಿಲು ದಾಟಿಸಬಾರದು. ನಮಗೆ ಯಾವಾಗಲೂ ಸಂಜೆಯೇ. ಊರೆಲ್ಲ ಗುಡಿಸುವ ಕೆಲಸ ನಮ್ಮದು, ಆದರೆ ನಮ್ಮ ಬೀದಿಯನ್ನು ಗುಡಿಸುವ ಹಾಗಿಲ್ಲ. ನಮ್ಮ ಹೆಂಗಸರು ಬಾಚಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹೋಗಿ, ಮಧ್ಯಾಹ್ನದ ಬೀದಿಯ ಗೋಡೆಯ ಮರೆಯಲ್ಲಿ ನಿಂತು ತಲೆ ಬಾಚಿಕೊಂಡು ಬರುತ್ತಿದ್ದರು. ಪಕ್ಕದ ಮನೆಯಲ್ಲಿ ಉಪ್ಪು ಮುಗಿದರೆ ಅವರು ಸಪ್ಪೆ ಉಣ್ಣಬೇಕು. ಇದನ್ನೆಲ್ಲ ಕಚೇರಿಯವರು ಬಂದು ಹೇರಿದ್ದರೆ ಬೇರೆ ಮಾತು. ನಮ್ಮ ಅಜ್ಜಿಯರೇ ಕಣ್ಣು ಕೆಂಪಗೆ ಮಾಡಿ ಕಲಿಸಿದ್ದರು, ನಾವೂ ತಲೆ ತಗ್ಗಿಸಿ ಕಲಿತಿದ್ದೆವು. ಅದನ್ನು ನೆನೆದರೆ ಈಗಲೂ ನನ್ನ ಮೇಲೇ ನನಗೆ ಸಿಟ್ಟು ಬರುತ್ತದೆ.

ನಾಲ್ಕು ತಿಂಗಳಿಗೊಮ್ಮೆ ಇಳಿಕೆಯ ದಿನ ಬರುತ್ತದೆ. ರಟ್ಟಿನ ಕವಚ ತೊಟ್ಟ ಹೊಸ ಟ್ಯೂಬುಗಳು ಕಚೇರಿಗೆ ಬಂದಿಳಿಯುತ್ತವೆ. ನಾನು ಅವನ್ನು ಬೆಳಗಿನಬೀದಿಗೆ ಹಾಕಿ, ಅಲ್ಲಿಂದ ಬಿಚ್ಚಿದ್ದನ್ನು ಮಧ್ಯಾಹ್ನದ ಬೀದಿಗೆ ಇಳಿಸಿ, ಅಲ್ಲಿಂದ ಬಿಚ್ಚಿದ್ದನ್ನು ನಮ್ಮ ಬೀದಿಗೆ ತರಬೇಕು. ದೊಡ್ಡವರ ಮನೆಯ ಹಳೇ ಅಂಗಿ ಚಿಕ್ಕವರಿಗೆ ಬರುವ ಹಾಗೆ ಬೆಳಕು ಇಳಿದು ಬರುತ್ತಿತ್ತು. ಎರಡೂ ಕೈಯಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದರೆ ಟ್ಯೂಬು ಬಿಟ್ಟುಕೊಳ್ಳುತ್ತದೆ, ಇನ್ನೊಂದನ್ನು ಮೇಲೆತ್ತಿ ಕಾಲು ಸುತ್ತು ತಿರುಗಿಸಿದರೆ ಕಚ್ಚಿಕೊಳ್ಳುತ್ತದೆ. ಕಣ್ಣು ಮುಚ್ಚಿಕೊಂಡು ಮಾಡುವಷ್ಟು ನನಗೆ ರೂಢಿಯಾಗಿತ್ತು. ನಮ್ಮ ಬೀದಿಗೆ ಬಂದ ಟ್ಯೂಬು ಹತ್ತಿಕೊಳ್ಳಲು ಬಹಳ ಹೊತ್ತು ಮಿಣುಕುತ್ತದೆ. ಹೆಂಗಸರು ಪೊರಕೆಯ ಹಿಡಿಯಿಂದ ಮೆಲ್ಲಗೆ ತಟ್ಟಿ, ಏಳವ್ವ ಏಳು ಎಂದು ರಮಿಸಿ ಹತ್ತಿಸಿಕೊಳ್ಳುತ್ತಾರೆ.

ಇನ್ನೊಂದು ಕಾಯಿದೆಯನ್ನು ಹೇಳಲೇಬೇಕು. ಮಗು ಟ್ಯೂಬಿನ ಕೆಳಗೇ ಹುಟ್ಟಬೇಕು. ಹೆರಿಗೆಯ ನೋವು ಬಂದರೆ ಕಚೇರಿಗೆ ಹೇಳಿ ಕಳಿಸಬೇಕು. ರಾತ್ರಿಯಾದರೆ ಅವರು ಮೈನ್ ಎತ್ತಿ ಬೆಳಕು ಕೊಡುತ್ತಾರೆ. ಹೊತ್ತಿನ ಅಧಿಕಾರಿ ದಪ್ಪ ಪುಸ್ತಕ ಹಿಡಿದು ಬಾಗಿಲಲ್ಲಿ ನಿಂತು, ಮಗುವಿನ ಅಳು ಕೇಳಿದ ಕೂಡಲೇ ತಲೆಯೆತ್ತಿ ಟ್ಯೂಬು ನೋಡಿ, ಕಣ್ಣಿಗೆ ಕಂಡ ಹೊತ್ತನ್ನು ಬರೆಯುತ್ತಾರೆ. ಆ ಹೊತ್ತು ಯಾವ ಬೀದಿಯದೋ ಮಗು ಆ ಬೀದಿಯದು. ಬೆಳಗ್ಗೆ ಹುಟ್ಟಿದ್ದು ಶಾಲೆಗೆ, ಮಧ್ಯಾಹ್ನದ್ದು ಅಂಗಡಿಗೆ, ಸಂಜೆಯದು ಪೊರಕೆಗೆ. ಇದು ಬರೀ ಮಾತಿನ ಕಾಯಿದೆಯಲ್ಲ. ಒಮ್ಮೆ ಮಧ್ಯಾಹ್ನದ ಬೀದಿಯ ತುಂಬು ಬಸುರಿಯೊಬ್ಬಳು ಹೂ ಕೊಳ್ಳಲು ನಮ್ಮ ಬೀದಿಗೆ ಬಂದವಳು ಇಲ್ಲೇ ಹೆತ್ತಳು. ಸಂಜೆಯ ಮಗು ಎಂದು ಬರೆದರು. ಅವಳು ಬರಿಗೈಯಲ್ಲಿ ಹಿಂದಿರುಗಿದಳು, ಮಗುವನ್ನು ನಮ್ಮವರೇ ಸಾಕಿದರು. ಆ ಮಗುವೇ ಮುದ್ದಯ್ಯ, ನನ್ನ ತಂಗಿ ದೇವೀರಿಯ ಗಂಡ. ಟ್ಯೂಬಿನ ಗಾಡಿ ತಳ್ಳುವ ಕೆಲಸ ಅವನದು. ಅವನ ಹೆತ್ತ ತಾಯಿ ಮಧ್ಯಾಹ್ನದ ಬೀದಿಯ ಜಗಲಿಯಲ್ಲಿ ಕೂತಿರುತ್ತಾಳೆ, ಇವನು ಗಾಡಿ ತಳ್ಳಿಕೊಂಡು ಹೋಗುವಾಗ ಅವಳೂ ನೋಡುವುದಿಲ್ಲ, ಇವನೂ ನೋಡುವುದಿಲ್ಲ.

ದೇವೀರಿ ನನಗಿಂತ ಹದಿನೆಂಟು ವರ್ಷಕ್ಕೆ ಚಿಕ್ಕವಳು. ಅವ್ವ ಸತ್ತ ಮೇಲೆ ನಾನೇ ಸಾಕಿದ್ದು. ಬೆಳಗಿನಬೀದಿಯ ಶಾಲೆಯ ಅಂಗಳ ಗುಡಿಸಲು ಹೋಗುತ್ತಿದ್ದಾಗ ಕಿಟಕಿಯ ಹೊರಗೆ ನಿಂತು ನಾಲ್ಕು ಅಕ್ಷರ ಕದ್ದುಕೊಂಡು ಬಂದಿದ್ದಳು. ಟ್ಯೂಬಿನ ರಟ್ಟಿನ ಮೇಲೆ ಬರೆದಿದ್ದನ್ನು ಕೂಡಿಸಿ ಕೂಡಿಸಿ ಓದಿ ನನಗೆ ಹೇಳುತ್ತಿದ್ದಳು. ಮದುವೆಯಾಗಿ ಏಳು ವರ್ಷಕ್ಕೆ ಅವಳಿಗೆ ಬಸುರು ನಿಂತಿತು. ಎಂಟನೆಯ ತಿಂಗಳಲ್ಲಿ ಒಂದು ದಿನ ನನ್ನ ಕೈ ಹಿಡಿದುಕೊಂಡು ಕೇಳಿದಳು.

“ಅಕ್ಕ, ಇಷ್ಟ್ ವರ್ಸದಿಂದ ಎಲ್ರಿಗೂ ಬೆಳಗ್ಗೆ ಹೊತ್ಕೊಂಡ್ ಹೋಗಿ ಕೊಟ್ಟಿದೀಯ. ನನ್ ಮಗೀಗೆ ಒಂದೇ ಒಂದು ತಂದ್ಕೊಡು. ಅದು ಸ್ಕೂಲಿನ ಒಳಗೆ ಕೂತ್ಕೊಂಡು ಓದ್ಬೇಕು.”

ಅವಳು ಅದುವರೆಗೆ ನನ್ನನ್ನು ಏನೂ ಕೇಳಿದವಳಲ್ಲ. ತಂದುಕೊಡುತ್ತೇನೆ ಎಂದುಬಿಟ್ಟೆ.

ಮೊದಲು ನೆಟ್ಟಗಿನ ದಾರಿಯಲ್ಲೇ ಹೋದೆ. ಸೀರೆಯ ಸೆರಗು ಸರಿ ಮಾಡಿಕೊಂಡು ಕಚೇರಿಗೆ ಹೋಗಿ ಸದಾನಂದಯ್ಯನವರ ಎದುರು ನಿಂತೆ. ಅವರೇ ಹೊತ್ತಿನ ಅಧಿಕಾರಿ. ಮನುಷ್ಯ ಕೆಟ್ಟವರಲ್ಲ, ಒಂದು ದಿನಕ್ಕೂ ಏಕವಚನದಲ್ಲಿ ಕರೆದವರಲ್ಲ. ಅವರಿಗೆ ಒಂದೇ ಹೆಮ್ಮೆ, ಕಣ್ಣಾರೆ ಕಾಣದ್ದನ್ನು ಪುಸ್ತಕದಲ್ಲಿ ಬರೆದಿಲ್ಲ ಎನ್ನುವುದು. ಸ್ವಂತ ಅಣ್ಣನ ಮೊಮ್ಮಗ ಹುಟ್ಟಿದಾಗಲೂ ಮನೆಯವರ ಮಾತಿನ ಮೇಲೆ ಬರೆಯದೆ, ಮಧ್ಯಾಹ್ನದ ಬೀದಿಯಿಂದ ಓಡೋಡಿ ಬಂದು ಏದುಸಿರು ಬಿಡುತ್ತಲೇ ಟ್ಯೂಬು ನೋಡಿ ಬರೆದರಂತೆ.

“ನಮ್ ಬೀದೀಗೂ ಒಂದು ಹೊಸ ಟ್ಯೂಬು ಕೊಡಿ ಸ್ವಾಮಿ. ಒಂದು ಸಾಕು,” ಎಂದೆ.

“ಈಗಷ್ಟೇ ಬೆಳಗಾಗಿದೆ, ಚೆಲುವಾಜಮ್ಮನವರೇ. ಈಗಲೇ ಇಂಥ ಮಾತು ಯಾಕೆ? ನಿಮ್ಮ ಬೀದಿ ವೈರು ಹಳೇದು. ಹೊಸ ಟ್ಯೂಬು ತಡ್ಕೊಳೋದಿಲ್ಲ.”

ನನಗೆ ರೇಗಿತು. ಏಣಿ ಹತ್ತುವವಳ ಮುಂದೆ ಆ ಮಾತು ಆಡಬಾರದಿತ್ತು. “ಹೊಸ ಟ್ಯೂಬೂ ನಲವತ್ತು ವ್ಯಾಟು, ಹಳೇದೂ ನಲವತ್ತೇ. ಎರಡೂ ಅಷ್ಟೇ ಕರೆಂಟು ತಿಂತವೆ. ಹಳೇದು ತಿಂದು ಬೆಳಕು ಕೊಡಲ್ಲ, ಅಷ್ಟೇಯ. ಒಳಗಿನ ಬಿಳೀ ಪುಡಿ ಸವೆದಿರ್ತದೆ, ತುದೀಲಿ ತಂತಿ ಸುಟ್ಟಿರ್ತದೆ. ವೈರಿಗೇನು ಗೊತ್ತು ಇದು ಯಾವ ಬೀದೀದು ಅಂತ.”

“ವೈರಿಗೆ ಗೊತ್ತಿಲ್ಲದೆ ಇರಬಹುದು. ಕಾಯ್ದೆಗೆ ಗೊತ್ತಿದೆ,” ಎಂದು ಪುಸ್ತಕ ತೆರೆದರು. ನಾನು ಇನ್ನೂ ನಿಂತೇ ಇದ್ದೆ. ಅವರು ತಲೆಯೆತ್ತದೆ ತಿಂಡಿಯಾಯಿತೇ ಎಂದು ಕೇಳಿದರು. ಅಲ್ಲಿಂದ ಆಚೆಗೆ ಬಂದವಳು ಬೀದಿಯ ನಡುವೆ ನಿಂತು, ಕೇಳಿ ಪಡೆಯುವ ಕೆಲಸ ಇಲ್ಲಿಗೆ ಸಾಕು ಎಂದುಕೊಂಡೆ.

ಇಳಿಕೆಯ ದಿನ ಬಂತು. ಕಚೇರಿಯ ಹಿಂದೆ ಒಂದು ಉಗ್ರಾಣವಿದೆ, ಅಲ್ಲಿ ಒಬ್ಬ ಗುಮಾಸ್ತ ಕೂರುತ್ತಾನೆ. ಆ ಕೋಣೆಯ ಚಾವಣಿಯನ್ನು ಯಾರೂ ತಲೆಯೆತ್ತಿ ನೋಡುವುದಿಲ್ಲ. ಅಲ್ಲಿಗೆ ಬಂದ ಹೊಸ ಟ್ಯೂಬನ್ನು ಹಾಕಿದ ಹಾಗೆ ಮಾಡಿ ಹಳೆಯದನ್ನೇ ಬಿಟ್ಟೆ. ಹೊಸದನ್ನು ಮುದ್ದಯ್ಯನ ಗಾಡಿಯಲ್ಲಿ ಹಳೆಯವುಗಳ ಕೆಳಗೆ ಮಲಗಿಸಿದೆ. ಮುದ್ದಯ್ಯ ನೋಡಿದ, ಮೇಲೊಂದು ಗೋಣಿ ಹೊದಿಸಿದ. ಮಧ್ಯಾಹ್ನದ ಬೀದಿಯ ಉಬ್ಬುತಗ್ಗಿನಲ್ಲಿ ಗಾಡಿಯನ್ನು ಅವನು ಅಷ್ಟು ನಿಧಾನವಾಗಿ ತಳ್ಳಿದ್ದನ್ನು ನಾನು ಮೊದಲು ಕಂಡಿರಲಿಲ್ಲ.

ದೇವೀರಿಯ ಮನೆಯ ಚಾವಣಿಯಲ್ಲಿ ಟ್ಯೂಬು ಕೂರುವ ಪಟ್ಟಿಗೆ ಅದನ್ನು ಏರಿಸಿ ಸ್ವಿಚ್ಚು ಹಾಕಿದೆ. ಹತ್ತಲಿಲ್ಲ. ತುದಿಗಳಲ್ಲಿ ಮಾತ್ರ ಕೆಂಪಗೆ ಕಾದು ಹಾಗೇ ನಿಂತಿತು. ಪಟ್ಟಿಯೊಳಗಿನ ಚೋಕು ಜೀರುಂಡೆಯ ಹಾಗೆ ಗುಂಯ್‌ಗುಡುತ್ತಿತ್ತು. ದೇವೀರಿ ನನ್ನ ಮುಖವನ್ನೇ ನೋಡುತ್ತಿದ್ದಳು. ಸ್ಟಾರ್ಟರನ್ನು ಕಿತ್ತು ನೋಡಿದರೆ ಅದು ಒಳಗೇ ಅಂಟಿಕೊಂಡು ಸತ್ತು ಎಷ್ಟು ಕಾಲವಾಗಿತ್ತೋ, ಅವಳು ಬರೀ ತಟ್ಟಿ ತಟ್ಟಿ ಕೆಲಸ ಸಾಗಿಸಿದ್ದಳು. ನನ್ನ ಚೀಲದಿಂದ ಬೇರೊಂದನ್ನು ತೆಗೆದು ಹಾಕಿದೆ. ಎರಡು ಸಲ ಮಿಣುಕಿ ಟ್ಯೂಬು ತುಂಬಿ ಉರಿಯಿತು.

ಸಂಜೆಬೀದಿಯ ಒಂದು ಮನೆಯಲ್ಲಿ ಬೆಳಗಾಯಿತು. ಗೋಡೆಯ ಮೇಲಿನ ಮಸಿ, ಮೂಲೆಯ ಜೇಡರ ಬಲೆ, ಪಾತ್ರೆಯ ಅಂಚಿನ ಕರೆ ಎಲ್ಲವೂ ಒಟ್ಟಿಗೆ ಎದುರು ಬಂದವು. ದೇವೀರಿಯ ಸೀರೆ ಕಂದು ಬಣ್ಣದ್ದು ಎಂದೇ ನಾವೆಲ್ಲ ತಿಳಿದಿದ್ದೆವು, ಅದು ದಾಸವಾಳದ ಕೆಂಪು. ಅವಳು ಸೆರಗನ್ನು ಎತ್ತಿ ಹಿಡಿದು ನೋಡಿದಳು, ನೋಡಿ ಅತ್ತಳು. ಅಕ್ಕಪಕ್ಕದವರು ಬಾಗಿಲಲ್ಲಿ ನೆರೆದರು. ಪಕ್ಕದ ಮನೆಯ ತಿಮ್ಮಕ್ಕ ನಾಲಗೆಯಲ್ಲಿ ಮುಳ್ಳು ಇಟ್ಟುಕೊಂಡವಳು, ಅವಳು ಮಾತಿಲ್ಲದೆ ಒಳಗೆ ಬಂದು ಗೋಡೆಗೆ ಒರಗಿ ಕೂತು ಸೊಂಟದಿಂದ ಬಾಚಣಿಗೆ ತೆಗೆದಳು. ಆಮೇಲೆ ಒಬ್ಬಳು ಸೂಜಿ ತಂದಳು, ಇನ್ನೊಬ್ಬಳು ಉಗುರು ತೆಗೆಯುವ ಬ್ಲೇಡು ತಂದಳು. ಮೂರು ದಿನ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಬ್ಬರ ಮುಖವನ್ನೊಬ್ಬರು ಮೊದಲ ಸಲ ಕಂಡ ಹಾಗೆ ಕಂಡು, ನಿನ್ನ ಕೆನ್ನೆಯ ಮೇಲೆ ಮಚ್ಚೆ ಇದೆಯಲ್ಲೇ ಎಂದು ನಗುತ್ತಿದ್ದರು. ನನಗೆ ಎಷ್ಟು ಸಂತೋಷವಾಗಿತ್ತೋ ಅಷ್ಟೇ ಹೊಟ್ಟೆಯುರಿಯುತ್ತಿತ್ತು. ಇಷ್ಟು ಸಣ್ಣ ವಸ್ತುವನ್ನು ಇಪ್ಪತ್ತಾರು ವರ್ಷ ನನ್ನ ಹೆಗಲ ಮೇಲೆ ಬೇರೆಯವರ ಮನೆಗೆ ಹೊತ್ತಿದ್ದೆ.

ಸಿಕ್ಕಿಬಿದ್ದದ್ದು ಉಗ್ರಾಣದ ಗುಮಾಸ್ತನಿಂದ. ಅವನು ಮೂರನೆಯ ದಿನ ಲೆಡ್ಜರಿನ ಮೇಲೆ ತಲೆಯಿಟ್ಟು ಗೊರಕೆ ಹೊಡೆಯುತ್ತಿದ್ದನಂತೆ. ಎಬ್ಬಿಸಿದರೆ ಮುದ್ದೆ ಬೇಕು ಅಂದನಂತೆ. ಬೆಳಗಿನಬೀದಿಯಲ್ಲಿ ಮುದ್ದೆ ಕೇಳುವವನಿಗೆ ಏನಾಗಿದೆ ಎಂದು ಸದಾನಂದಯ್ಯನವರು ತಲೆಯೆತ್ತಿ ನೋಡಿದರು. ಟ್ಯೂಬಿನ ತುದಿಯಲ್ಲಿ ಕಪ್ಪು ಶುರುವಾಗಿತ್ತು. ನಾನು ಕೇಳಿದ್ದೂ ದೇವೀರಿಯ ಬಸುರೂ ನೆನಪಾಗಿ ಅವರಿಗೆ ಎಲ್ಲ ಅರ್ಥವಾಯಿತು, ಆದರೂ ಅವರು ಆಳು ಕಳಿಸಲಿಲ್ಲ. ಹೆರಿಗೆಗೆ ಪುಸ್ತಕ ತೆಗೆದುಕೊಂಡು ಹೋಗಬೇಕಾದ ದಿನ ಹೇಗಿದ್ದರೂ ಬರುತ್ತದೆ ಎಂದು ಕಾದರು.

ಆ ದಿನ ಮರುದಿನವೇ ಬಂತು. ಕಚೇರಿಯವರು ಊಟಕ್ಕೆಂದು ಕೂಗಿಸುವ ಸೈರನ್ನು ಆದ ಮೇಲೆ ದೇವೀರಿಗೆ ನೋವು ಶುರುವಾಯಿತು. ಸೂಲಗಿತ್ತಿ ಖೈರೂನಮ್ಮ ಬಂದಳು. ನಮ್ಮ ಬೀದಿಯ ಎರಡು ತಲೆಮಾರನ್ನು ಹಿಡಿದ ಕೈ ಅವಳದು. ಒಳಗೆ ಬಂದವಳೇ ಹಣೆಗೆ ಕೈ ಅಡ್ಡ ಹಿಡಿದು ಟ್ಯೂಬು ನೋಡಿ, “ಏನ್ ಬೆಳಕವ್ವ ಇದು, ನಾಚ್ಕೆ ಆಯ್ತದೆ,” ಎಂದಳು. ಒಲೆಯ ಮೇಲೆ ನೀರು ಕಾಯಿಸಲು ಹೇಳಿ, ಗಂಡಸರನ್ನು ಹೊರಗೆ ಕಳಿಸಿದಳು. ಕಾಯಿದೆಯಂತೆ ಮುದ್ದಯ್ಯ ಕಚೇರಿಗೆ ಹೇಳಿ ಬಂದ.

ಸದಾನಂದಯ್ಯನವರು ಒಬ್ಬರೇ ಬರಲಿಲ್ಲ. ಜೊತೆಗೆ ಬೆಳಗಿನಬೀದಿಯ ಹೆಂಗಸೊಬ್ಬರು ಬಂದರು, ವಿಶಾಲಾಕ್ಷಮ್ಮ ಎಂದು. ಬಾಚಿ ಹೆಣೆದ ಜಡೆ, ಹಸಿ ಕೂದಲಿನ ತುದಿ, ಕೈಯಲ್ಲಿ ಮಡಿಸಿದ ಮೆತ್ತನೆಯ ಬಿಳಿ ಬಟ್ಟೆ, ಒಂದು ಹಿತ್ತಾಳೆ ಬಟ್ಟಲು. ನನಗೆ ಅರ್ಥವಾಗಲಿಲ್ಲ. ಸದಾನಂದಯ್ಯನವರು ಬಾಗಿಲಿನಿಂದ ಟ್ಯೂಬನ್ನು ನೋಡಿ ಮೆಲ್ಲಗೆ ತಲೆದೂಗಿದರು.

“ಹೊಸ ಟ್ಯೂಬು. ಬೆಳಗ್ಗೆ. ನಾನು ಕಂಡೆ, ಹಾಗೇ ಬರೀತೀನಿ. ಕದ್ದಿದ್ದಕ್ಕೆ ಬೇರೆ ವಿಚಾರಣೆ ಆಗುತ್ತೆ, ಅದು ಮಗುವಿಗೆ ತಾಗಲ್ಲ. ಇವರಿಗೆ ಮಕ್ಕಳಿಲ್ಲ, ಚೆನ್ನಾಗಿ ನೋಡ್ಕೋತಾರೆ.”

“ಯಾರ್ನ ನೋಡ್ಕೋತಾರೆ?”

“ಮಗುವನ್ನ. ಬೆಳಗಿನ ಮಗು ಬೆಳಗಿನಬೀದೀಲಿ ಬೆಳೀಬೇಕಲ್ಲ, ಚೆಲುವಾಜಮ್ಮನವರೇ.”

ಕಣ್ಣ ಮುಂದೆ ಮುದ್ದಯ್ಯ ಮೂವತ್ತು ವರ್ಷದಿಂದ ಓಡಾಡುತ್ತಿದ್ದ, ಆದರೂ ನನಗೆ ಹೊಳೆದಿರಲಿಲ್ಲ. ಮಗು ಮೇಲಿನಿಂದ ಕೆಳಗೆ ಬಂದದ್ದನ್ನು ನೋಡಿದ್ದೆ, ಕೆಳಗಿನಿಂದ ಮೇಲಕ್ಕೂ ಹೋಗಬಹುದು ಎನ್ನುವುದನ್ನು ಯೋಚಿಸಿರಲಿಲ್ಲ, ಏಕೆಂದರೆ ನಮ್ಮ ಬೀದಿಯಲ್ಲಿ ಬೆಳಗ್ಗೆ ಎನ್ನುವುದು ಯಾವತ್ತೂ ಇರಲಿಲ್ಲ. ತಂಗಿಗೆ ಬೆಳಗ್ಗೆ ತಂದುಕೊಡಲು ಹೋಗಿ ಅವಳ ಮಡಿಲನ್ನು ಬರಿದು ಮಾಡಲು ಹೊರಟಿದ್ದೆ. ಒಳಗಿನಿಂದ ದೇವೀರಿ ಕೇಳಿಸಿಕೊಂಡಿದ್ದಳು.

“ಅಕ್ಕ,” ಎಂದಳು ಹಲ್ಲು ಕಚ್ಚಿಕೊಂಡು. “ಬ್ಯಾಡ. ಬೆಳಗ್ಗೆ ಬ್ಯಾಡ.”

“ನಿಮ್ಮಿಷ್ಟ,” ಎಂದರು ಸದಾನಂದಯ್ಯನವರು. “ಹಳೇ ಟ್ಯೂಬು ಹಾಕಿದ್ರೆ ಸಂಜೆ ಅಂತ ಬರೀತೀನಿ. ಮಗು ಇಲ್ಲೇ ಇರುತ್ತೆ. ಬೇಗ ತೀರ್ಮಾನ ಮಾಡಿ.”

ಜಗಲಿಯ ಕೆಳಗೆ ಮುದ್ದಯ್ಯ ನಿಂತಿದ್ದ. ಆ ಮನೆಯಿಂದ ಬಿಚ್ಚಿದ ಹಳೆಯ ಟ್ಯೂಬು ಅವನ ಪಕ್ಕದಲ್ಲೇ ಗೋಡೆಗೆ ಒರಗಿಕೊಂಡಿತ್ತು. ಅವನು ಅದನ್ನು ಎತ್ತಿ ಕೊಡುತ್ತಾನೆ ಎಂದುಕೊಂಡೆ. ಅವನು ಅದರ ಕಡೆ ನೋಡದೆ ನನ್ನನ್ನು ನೋಡಿ, “ಅಕ್ಕ, ಅವರದೂ ಬ್ಯಾಡ, ಇದೂ ಬ್ಯಾಡ. ಇಳ್ಸು,” ಎಂದ. ಅವನ ಬಾಯಿಂದ ಒಟ್ಟಿಗೆ ಅಷ್ಟು ಮಾತು ಬಂದದ್ದು ಅದೇ ಮೊದಲು.

ಸ್ಟೂಲು ಹತ್ತಿದೆ. ಬಿಸಿಯಾಗಿದ್ದ ಟ್ಯೂಬನ್ನು ಸೆರಗಿನಲ್ಲಿ ಹಿಡಿದು ಕಾಲು ಸುತ್ತು ತಿರುಗಿಸಿದೆ. ಮನೆ ಕತ್ತಲಾಯಿತು. ಖೈರೂನಮ್ಮ ಒಳಗಿನಿಂದ ಬೈದಳು. “ಕತ್ಲಲ್ಲಿ ಹೆರಿಗೆ ಮಾಡ್ಸಕ್ಕೆ ನಾನೇನ್ ಗೂಬೇನಾ? ಒಲೆ ಹತ್ರ ಸರೀರಿ ಅತ್ಲಾಗೆ, ಸೌದೆ ಮುಂದಕ್ ನೂಕಿ.” ಒಲೆಯ ಉರಿ ಎದ್ದಿತು. ವಿಶಾಲಾಕ್ಷಮ್ಮ ಮೆಲುದನಿಯಲ್ಲಿ, ಆ ಬೆಂಕಿಯ ಬೆಳಕಿದೆಯಲ್ಲ, ಅದನ್ನು ನೋಡಿ ಬರೆಯಬಹುದಲ್ಲ ಎಂದರು. “ಬೆಂಕಿಗೆ ಹೊತ್ತಿಲ್ಲಮ್ಮ, ಅದು ಟ್ಯೂಬಲ್ಲ,” ಎಂದರು ಸದಾನಂದಯ್ಯನವರು. ಆಮೇಲೆ ಬೀದಿಯ ಕಡೆ ತಿರುಗಿದರು. ಎದುರು ಕಂಬದ ಟ್ಯೂಬಿನ ಮಂಕು ಬೆಳಕು ಹೊಸಿಲ ಮೇಲೆ ಬಿದ್ದಿತ್ತು. “ಕಂಬದ ಬೆಳಕು ಒಳಗೆ ಬರ್ತಾ ಇದೆ. ಸಂಜೆ,” ಎಂದು ಪೆನ್ನು ತೆಗೆದರು.

ನಾನು ಏಣಿಯನ್ನು ಎಳೆದುಕೊಂಡು ಓಡಿದೆ. ಕಂಬದ ಟ್ಯೂಬು ಇಳಿಯಿತು. ಆಗ ತಿಮ್ಮಕ್ಕನ ಮನೆಯ ಕಿಟಕಿಯ ಬೆಳಕು ಹೊಸಿಲಿಗೆ ಬಂತು. “ತಿಮ್ಮಕ್ಕ, ಆರ್ಸು,” ಎಂದು ಕೂಗಿದೆ.

“ಸಾರು ಒಲೆ ಮ್ಯಾಲೈತೆ, ಕಾರ ಹಾಕಿದೀನೋ ಇಲ್ವೋ ಗೊತ್ತಿಲ್ಲ,” ಎಂದಳು ಅವಳು, ಅನ್ನುತ್ತಲೇ ಆರಿಸಿದಳು. ಅವಳ ಮನೆ ಆರಿದರೆ ಅದರಾಚೆಯ ಮನೆಯ ಬೆಳಕು, ಅದು ಆರಿದರೆ ಮುಂದಿನ ಕಂಬ. ಸ್ವಿಚ್ಚು ಇದ್ದವರು ಆರಿಸಿದರು, ಸ್ವಿಚ್ಚು ಕೆಟ್ಟಿದ್ದವರು ಮೇಜು ಹತ್ತಿ ಟ್ಯೂಬನ್ನೇ ತಿರುಗಿಸಿದರು. ಬೀದಿಯುದ್ದಕ್ಕೂ ಹೆಂಗಸರು ಬೈದುಕೊಂಡು, ಮುಗ್ಗರಿಸಿಕೊಂಡು, ಒಬ್ಬರ ಕಾಲು ಒಬ್ಬರು ತುಳಿದುಕೊಂಡು ಆರಿಸುತ್ತಾ ಹೋದರು. ದೇವೀರಿಯ ಕೂಗು ಕೇಳುತ್ತಿತ್ತು. ಕೊನೆಯ ಕಂಬದ ಮೇಲೆ ನಾನಿದ್ದೆ, ಟ್ಯೂಬು ಹೋಲ್ಡರಿನಲ್ಲಿ ತುಕ್ಕು ಹಿಡಿದು ಕಚ್ಚಿಕೊಂಡಿತ್ತು. ಅವ್ವನನ್ನು ನೆನೆದು ಒಂದು ಬೈಗುಳ ಬೈದು ತಿರುಗಿಸಿದೆ. ಅದೂ ಆರಿತು. ಆ ಹೊತ್ತಿಗೆ ಸರಿಯಾಗಿ ಮಗು ಅತ್ತಿತು.

ಓಡಿ ಬಂದೆ. ಸದಾನಂದಯ್ಯನವರು ಬ್ಯಾಟರಿ ಬೆಳಕನ್ನು ಚಾವಣಿಯ ಕಡೆ ಹಾಯಿಸಿ ನಿಂತಿದ್ದರು. ಪಟ್ಟಿ ಖಾಲಿ. ಬ್ಯಾಟರಿಯನ್ನು ಬೀದಿಯ ಕಡೆ ತಿರುಗಿಸಿದರು. ಕಂಬಗಳು ಖಾಲಿ. ಅವರ ಹಿಂದೆ ಇಡೀ ಬೀದಿಯ ಜನ ಕತ್ತಲಲ್ಲಿ ನಿಂತಿದ್ದರು.

“ಯಾವ ಹೊತ್ತು ಅಂತ ಬರೀಲಿ, ಚೆಲುವಾಜಮ್ಮನವರೇ?” ಎಂದು ಕೇಳಿದರು. ಕೋಪದಿಂದ ಕೇಳಲಿಲ್ಲ. ನಿಜವಾಗಿಯೂ ಅವರಿಗೆ ತಿಳಿಯದೆ ಕೇಳಿದರು.

“ನೀವ್ ಕಂಡಿದ್ದನ್ನ ಬರೀರಿ ಸ್ವಾಮಿ.”

“ಏನೂ ಕಾಣಲಿಲ್ಲ.”

“ಅಂಗೇ ಬುಡಿ ಮತ್ತೆ.”

ಅವರು ಬ್ಯಾಟರಿಯನ್ನು ಪುಸ್ತಕದ ಮೇಲೆ ಹಿಡಿದರು. ಸಂಜೆ ಎಂದು ಎರಡು ಅಕ್ಷರ ಗೀಚಿದ್ದರೆ ಕೇಳುವವರು ಯಾರೂ ಇರಲಿಲ್ಲ. ಅವರು ಗೀಚಲಿಲ್ಲ. ತಾಯಿಯ ಹೆಸರು ಬರೆದರು, ತಂದೆಯ ಹೆಸರು ಬರೆದರು, ಹೊತ್ತಿನ ಜಾಗವನ್ನು ಬಿಟ್ಟರು. ಅದೊಂದಕ್ಕೆ ನಾನು ಅವರನ್ನು ಇವತ್ತಿಗೂ ಮರ್ಯಾದೆಯಿಂದಲೇ ಮಾತನಾಡಿಸುತ್ತೇನೆ. ವಿಶಾಲಾಕ್ಷಮ್ಮ ಅಲ್ಲೇ ನಿಂತಿದ್ದರು. ಅವರ ಕೈಯಿಂದ ಆ ಬಿಳಿ ಬಟ್ಟೆಯನ್ನು ತೆಗೆದುಕೊಂಡು, ಹೊಸ ಟ್ಯೂಬನ್ನು ಅದರಲ್ಲಿ ಜೋಪಾನವಾಗಿ ಸುತ್ತಿ, ಅವರ ತೋಳಿನ ಮೇಲೆ ಮಲಗಿಸಿದೆ.

“ಎತ್ಕೊಂಡ್ ಹೋಗಿ ತಾಯಿ. ನಿಮ್ ಬೆಳಗಿನ ಮಗು ಇದೇಯ,” ಎಂದೆ.

ಆ ಮಾತು ಅವರಿಗೆ ಆಡಬಾರದಿತ್ತು ಎಂದು ಆಮೇಲೆ ಅನ್ನಿಸಿತು. ಅವರು ನಾಲ್ಕು ಹೆಜ್ಜೆ ಹೋಗಿ ತಿರುಗಿ, ಗಂಡೋ ಹೆಣ್ಣೋ ಎಂದು ಕೇಳಿದರು. ಹೆಣ್ಣು ಎಂದೆ. ಅವರು ಟ್ಯೂಬನ್ನು ಎದೆಗೆ ಒತ್ತಿಕೊಂಡು ಕತ್ತಲಲ್ಲಿ ಹೋದರು.

ನನ್ನ ಕೆಲಸ ಹೋಯಿತು. ಏಣಿಯನ್ನೂ ಚೀಲವನ್ನೂ ಕಿತ್ತುಕೊಂಡರು. ನಮ್ಮ ಬೀದಿಗೆ ಹನ್ನೆರಡು ದಿನ ಕರೆಂಟು ಬಿಡಲಿಲ್ಲ. ಶಿಕ್ಷೆ ಎಂದು ಮಾಡಿದ್ದು ಅವರಿಗೇ ತಿರುಗಿಬಿತ್ತು, ಏಕೆಂದರೆ ಸಂಜೆಯೇ ಇಲ್ಲದ ಮೇಲೆ ಸಂಜೆಯ ಕಟ್ಟಳೆ ಎಲ್ಲಿಂದ ಬಂತು. ಒಲೆಯ ಬೆಂಕಿಯಲ್ಲಿ ನಾವು ಹನ್ನೆರಡು ದಿನ ಗುಡಿಸಿದೆವು, ಬಾಚಿದೆವು, ಹೊಲಿದೆವು, ಬೇಡವೆಂದರೂ ಒಬ್ಬರಿಗೊಬ್ಬರು ಉಪ್ಪು ಕೊಟ್ಟೆವು. ಕರೆಂಟು ಬಂದ ಮೇಲೂ ಯಾರೂ ನಿಲ್ಲಿಸಲಿಲ್ಲ. ಏನೂ ಆಗಲಿಲ್ಲ. ಯಾರ ಮನೆಯಿಂದಲೂ ಲಕ್ಷ್ಮಿ ಎದ್ದು ಹೋಗಲಿಲ್ಲ, ಮೊದಲೇ ಬಂದಿದ್ದರೆ ತಾನೇ ಹೋಗುವುದು.

ಮಗುವಿಗೆ ಈಗ ಆರು ತುಂಬಿದೆ. ಶಾಲೆಗೆ ಸೇರಿಸಲು ನಾನೂ ದೇವೀರಿಯೂ ಕರೆದುಕೊಂಡು ಹೋದೆವು. ಹೆಡ್‌ಮಾಸ್ತರು ಕಚೇರಿಯಿಂದ ಪುಸ್ತಕ ತರಿಸಿ ತೆರೆದರು. ಹೊತ್ತಿನ ಜಾಗ ಖಾಲಿ. ಹಾಳೆಯನ್ನು ತಿರುಗಿಸಿ ನೋಡಿದರು, ಹಿಂದೆಯೂ ಇರಲಿಲ್ಲ. “ಸಂಜೆ ಹುಟ್ಟಿದವರನ್ನ ಸೇರಿಸ್ಕೊಳೋ ಹಾಗಿಲ್ಲಮ್ಮ,” ಎಂದರು.

“ಸಂಜೆ ಅಂತ ಎಲ್ಲಿ ಬರ್ದೈತೆ, ತೋರ್ಸಿ,” ಎಂದಳು ದೇವೀರಿ. ಅಕ್ಷರ ಬಲ್ಲವಳು, ಬೆರಳಿಟ್ಟು ಕೇಳಿದಳು. ಅವರು ತೋರಿಸಲಿಲ್ಲ, ಇರಲಿಲ್ಲವಲ್ಲ. ಮಗು ಈಗ ಮೂರನೆಯ ಬೆಂಚಿನಲ್ಲಿ ಕೂರುತ್ತದೆ. ಅಲ್ಲಿ ಕೊಡುವ ಉಪ್ಪಿಟ್ಟು ಚೆನ್ನಾಗಿಲ್ಲ ಎಂದು ದಿನಾ ಬಂದು ಹೇಳುತ್ತದೆ.

ಈ ಆರು ವರ್ಷದಲ್ಲಿ ನಮ್ಮ ಬೀದಿಯಲ್ಲಿ ಇಪ್ಪತ್ತಮೂರು ಮಕ್ಕಳು ಹುಟ್ಟಿದವು, ಅಷ್ಟಕ್ಕೂ ಹೊತ್ತಿಲ್ಲ. ಮೊನ್ನೆ ಸದಾನಂದಯ್ಯನವರು ಒಂದು ಹೊಸ ಆಜ್ಞೆ ಹಿಡಿದು ಬಂದರು. ವಯಸ್ಸಾಗಿದೆ, ಕನ್ನಡಕ ದಪ್ಪವಾಗಿದೆ. ಬೀದಿಯ ನಡುವಿನ ಕಂಬದ ಕೆಳಗೆ ನಿಂತು ಗಟ್ಟಿಯಾಗಿ ಓದಿದರು. ಹೆರಿಗೆಯ ಸಮಯದಲ್ಲಿ ಟ್ಯೂಬನ್ನು ಆರಿಸಿದವರನ್ನೂ ಇಳಿಸಿದವರನ್ನೂ ಊರಿನಿಂದ ಹೊರಗೆ ಹಾಕಲಾಗುವುದು ಎಂದು ಅದರಲ್ಲಿತ್ತು. ಓದಿ ಮುಗಿಸಿ ನನ್ನ ಕಡೆ ನೋಡಿದರು.

“ಯಾರು ಆರಿಸ್ತಾರೆ ಸ್ವಾಮಿ,” ಎಂದೆ. “ನೀವು ನಮಗೆ ಕಳ್ಸೋದೇ ಸವೆದ ಟ್ಯೂಬು. ಯಾವಾಗ ಆರ್ತವೋ ಯಾರಿಗ್ಗೊತ್ತು.”

ತಿಮ್ಮಕ್ಕನ ಸೊಸೆಗೆ ನೋವು ಶುರುವಾಗಿ ಆಗಲೇ ಬಹಳ ಹೊತ್ತಾಗಿತ್ತು, ಖೈರೂನಮ್ಮ ಒಳಗೆ ಸೌದೆ ಮುಂದಕ್ಕೆ ನೂಕುತ್ತಿದ್ದಳು. ಬೀದಿಯ ಆ ತುದಿಯಲ್ಲಿ ಒಂದು ಮನೆ ಕತ್ತಲಾಯಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಕಂಬದ್ದು. ಸದಾನಂದಯ್ಯನವರು ಆಜ್ಞೆಯ ಹಾಳೆಯನ್ನು ಕೈಯಲ್ಲಿ ಹಿಡಿದು ನೋಡುತ್ತಿದ್ದ ಹಾಗೆಯೇ ಕತ್ತಲು ಒಂದೊಂದೇ ಮನೆ ದಾಟಿಕೊಂಡು ನಮ್ಮ ಕಡೆಗೆ ಬಂತು.